ಆಕ್ಸ್‌ಫರ್ಡಿನ ವಸಂತಕ್ಕೆ ಒಂದು ಕಿರ್ದಿ

ನಮ್ಮ ಸಂಘದ ಯುಗಾದಿ ಸಂಚಿಕೆಗೆ ಬರುವ ಹತ್ತು ಕವನಗಳಲ್ಲಿ ಎಂಟು ವಸಂತನ ಮೇಲೆಯೇ ಇರುತ್ತವೆ. ಬರೆದವರು ಬೆವರು ಒರೆಸಿಕೊಳ್ಳುತ್ತ ಲೋಕಲ್ ಗಾಡಿಯಲ್ಲಿ ನೇತಾಡಿಕೊಂಡು ಬಂದವರು. ಮುಂಬಯಿಯಲ್ಲಿ ಮಾರ್ಚ್ ಎಂದರೆ ಮಧ್ಯಾಹ್ನಕ್ಕೆ 33 ಡಿಗ್ರಿ. ಕವನದಲ್ಲಿ ಮಾತ್ರ ತಂಗಾಳಿ ಬೀಸುತ್ತದೆ, ಹೂ ನಗುತ್ತದೆ, ಚಳಿ ಹೆದರಿ ಓಡುತ್ತದೆ. ಯಾವ ಚಳಿ ಮಾರಾಯ್ರೆ? ನಮ್ಮಲ್ಲಿ ಅದು ಬಂದದ್ದು ಯಾವಾಗ, ಓಡಿದ್ದು ಯಾವಾಗ?

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಯ್ತು ಎಂದು ಊರಿನ ಹಿರಿಯರು ಹೇಳುವುದುಂಟು. ಈ ಕವನಗಳ ಚಳಿ ಅದೂ ಅಲ್ಲ. ಇದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಚಳಿ. ಬಿ.ಎಂ.ಶ್ರೀ.ಯವರ 'ಇಂಗ್ಲಿಷ್ ಗೀತಗಳು' ಸಂಕಲನದ ವಸಂತಗೀತೆಯನ್ನು ಕನ್ನಡ ಮಾಧ್ಯಮದಲ್ಲಿ ಓದಿದವರು ಯಾರೂ ಮರೆತಿರಲಿಕ್ಕಿಲ್ಲ. ನಮ್ಮ ಟೀಚರು ಅದನ್ನು ರಾಗವಾಗಿ ಹೇಳಿಕೊಡುತ್ತಿದ್ದರು, ನಾವು ಮೂವತ್ತು ಮಕ್ಕಳು ಬೆಂಚು ಕುಟ್ಟಿ ತಾಳ ಹಾಕುತ್ತಿದ್ದೆವು. ಅದರ ಮೂಲ ಥಾಮಸ್ ನ್ಯಾಶ್ ಎಂಬ ಇಂಗ್ಲಿಷ್ ಕವಿಯದು. 1592ರಲ್ಲಿ ಆಡಿದ, 1600ರಲ್ಲಿ ಅಚ್ಚಾದ ಒಂದು ನಾಟಕದ ಹಾಡು. ಕನ್ನಡದಲ್ಲಿ ಅದು ಎಷ್ಟು ಚೆನ್ನಾಗಿ ಕೂತಿದೆಯೆಂದರೆ ಹಾಡು ಪರದೇಶದ್ದು ಎಂಬುದೇ ನಮಗೆ ತಿಳಿಯಲಿಲ್ಲ. ಹೂವೂ ಕೋಗಿಲೆಯೂ ನಮ್ಮವೇ ಅಂದುಕೊಂಡೆವು. ಚಳಿ ತೊಲಗಿದ ಮಾತು ಬಂದಾಗ ಪ್ರಾಸಕ್ಕೆ ಬಂತು ಅಂದುಕೊಂಡೆವು.

ಅದು ಪ್ರಾಸಕ್ಕೆ ಬಂದದ್ದಲ್ಲ, ಹಾಡಿನ ಜೀವವೇ ಅಲ್ಲಿದೆ ಎಂಬುದು ನನ್ನ ವಾದ. ಆ ಹಾಡನ್ನು ಪಾಠ ಮಾಡುವಾಗ ಇಂಗ್ಲೆಂಡಿನ ಒಂದು ಊರಿನ ಮಾರ್ಚ್ ತಿಂಗಳ ಲೆಕ್ಕವನ್ನೂ ಪಕ್ಕದಲ್ಲಿ ಬರೆದು ತೋರಿಸಬೇಕು ಎಂದು ನಾನು ಹೇಳುತ್ತೇನೆ. "ಕವಿತೆಗೆ ಥರ್ಮಾಮೀಟರ್ ಇಡ್ತೀಯಾ?" ಎಂದು ಕಳೆದ ಸಭೆಯಲ್ಲಿ ಬಿ.ಎ. ಮಿತ್ರರೊಬ್ಬರು ನಕ್ಕರು. ನಗಲಿ. ನಾನು ಕಾಮರ್ಸ್ ವಿದ್ಯಾರ್ಥಿ, ಅಪ್ಪ ಹೋಟೆಲಿನ ಗಲ್ಲೆಯಲ್ಲಿ ಕೂತು ಇಪ್ಪತ್ತು ವರ್ಷ ಕಿರ್ದಿ ಬರೆದವರು. ಬರೆದಿಟ್ಟ ಲೆಕ್ಕ ಎಂದರೆ ನಮ್ಮ ಮನೆಯಲ್ಲಿ ಗೌರವ ಜಾಸ್ತಿ.

ಊರು ಯಾವುದು ಎಂದರೆ ಆಕ್ಸ್‌ಫರ್ಡ್. ವಿಶ್ವವಿದ್ಯಾಲಯದ ಹೆಸರಿಗೆ ಮರುಳಾಗಿ ಆರಿಸಿದ್ದಲ್ಲ. ಬ್ರಿಟನ್ನಿನಲ್ಲಿ ಒಂದೇ ಜಾಗದಲ್ಲಿ ಕೂತು ಅತ್ಯಂತ ದೀರ್ಘಕಾಲ ಹವೆಯ ಲೆಕ್ಕ ಬರೆದದ್ದು ಅಲ್ಲಿಯ ರಾಡ್‌ಕ್ಲಿಫ್ ವೀಕ್ಷಣಾಲಯದಲ್ಲಿ. 1813ರ ನವೆಂಬರಿನಿಂದ ಒಂದು ದಿನವೂ ತಪ್ಪದೆ ಉಷ್ಣತೆ ಬರೆದಿದ್ದಾರೆ. ಶ್ರೀರಂಗಪಟ್ಟಣ ಬಿದ್ದು ಹದಿನಾಲ್ಕು ವರ್ಷವಾಗಿತ್ತು, ಅಷ್ಟೆ. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ರಾಜರು ಸತ್ತರು, ಎಷ್ಟು ಯುದ್ಧಗಳಾದವು! ಆ ಪುಸ್ತಕದಲ್ಲಿ ಖಾಲಿ ಸಾಲಿಲ್ಲ. ಮೊದಲಿಗೆ ಅದನ್ನು ಬರೆದದ್ದು ಹವೆಯ ಮೇಲಿನ ಪ್ರೀತಿಯಿಂದಲೂ ಅಲ್ಲ. ಅವರು ನಕ್ಷತ್ರ ನೋಡುವವರು. ಗಾಳಿ ಬಿಸಿಯಾದರೆ ಒಂದು ಥರ, ತಣ್ಣಗಿದ್ದರೆ ಇನ್ನೊಂದು ಥರ ನಕ್ಷತ್ರದ ಬೆಳಕು ಬಾಗುತ್ತದೆ. ಆ ತಪ್ಪನ್ನು ತಿದ್ದಲು ಉಷ್ಣತೆ ಬೇಕಾಗಿತ್ತು. ನಕ್ಷತ್ರದವರು 1930ರ ದಶಕದಲ್ಲಿ ಒಳ್ಳೆಯ ಆಕಾಶ ಹುಡುಕಿಕೊಂಡು ದಕ್ಷಿಣ ಆಫ್ರಿಕಕ್ಕೆ ಹೋದರು. ಹವೆಯ ಪುಸ್ತಕ ಮಾತ್ರ ಅಲ್ಲೇ ಉಳಿಯಿತು, ಭೂಗೋಳ ವಿಭಾಗದವರು ಮುಂದುವರಿಸಿದರು. ನಮ್ಮಲ್ಲಿ ಇಂಥದು ಇಲ್ಲವೆಂದಲ್ಲ. ಕೊಲಾಬಾದ ವೀಕ್ಷಣಾಲಯವನ್ನು ಕಟ್ಟಿದ್ದು 1826ರಲ್ಲಿ. ನಮ್ಮಲ್ಲಿ ಎಷ್ಟು ಜನ ಅದನ್ನು ನೋಡಿದ್ದೇವೆ ಎಂಬುದು ಬೇರೆ ಮಾತು.

ಇನ್ನು ಲೆಕ್ಕಕ್ಕೆ ಬರೋಣ. ಆಕ್ಸ್‌ಫರ್ಡಿನಲ್ಲಿ ಮಾರ್ಚ್ ತಿಂಗಳ ಹಗಲಿನ ಗರಿಷ್ಠ ಸರಾಸರಿ 11 ಡಿಗ್ರಿಯ ಆಸುಪಾಸು, ರಾತ್ರಿಯ ಕನಿಷ್ಠ 4ರ ಆಸುಪಾಸು. ಇದು ಅವರ ವಸಂತದ ಮೊದಲ ತಿಂಗಳು! ಇದೇ 11 ಡಿಗ್ರಿ ಮುಂಬಯಿಗೆ ಬಂದರೆ ಪತ್ರಿಕೆಯ ಮುಖಪುಟದಲ್ಲಿ ಹಾಕುತ್ತಾರೆ, ಚಹದ ಗಾಡಿಯವರಿಗೆ ಸುಗ್ಗಿ. ಮಳೆಯ ಲೆಕ್ಕ ಇನ್ನೂ ತಮಾಷೆ. ಇಂಗ್ಲೆಂಡ್ ಎಂದರೆ ಸದಾ ಮಳೆ ಎಂದು ನಾವು ತಿಳಿದಿದ್ದೇವಲ್ಲ, ಆಕ್ಸ್‌ಫರ್ಡಿನಲ್ಲಿ ಇಡೀ ವರ್ಷಕ್ಕೆ ಬೀಳುವುದು ಸುಮಾರು 660 ಮಿಲಿಮೀಟರ್. ಸಾಂತಾಕ್ರೂಜಿನಲ್ಲಿ 2005ರ ಜುಲೈ 26ರ ಒಂದೇ ದಿನ 944 ಮಿಲಿಮೀಟರ್ ಬಿದ್ದಿತ್ತು. ಆ ದಿನ ಅಪ್ಪ ಹೋಟೆಲಿನ ಮಾಳಿಗೆಯಲ್ಲೇ ರಾತ್ರಿ ಕಳೆದ ಕಥೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಅವರ ಮಳೆ ಹಾಗಲ್ಲ, ಚಿಲ್ಲರೆ ವ್ಯಾಪಾರ. ಇವತ್ತು ಎರಡು ಮಿಲಿಮೀಟರ್, ನಾಳೆ ಅರ್ಧ, ನಾಡಿದ್ದು ಬರೇ ಮೋಡ. ತಿಂಗಳ ಕೊನೆಗೆ ಕೂಡಿಸಿದರೆ ಐವತ್ತು ಮುಟ್ಟುವುದೂ ಕಷ್ಟ. ಆದರೆ ಛತ್ರಿ ಮನೆಯಲ್ಲಿ ಬಿಟ್ಟು ಹೋಗುವ ಧೈರ್ಯ ಯಾರಿಗೂ ಇಲ್ಲ.

ದೊಡ್ಡಪ್ಪನ ಮಗಳು, ನಮಗೆಲ್ಲ ಅಕ್ಕ, ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಮಾರ್ಚಿನಲ್ಲಿ ಹೇಗಿರುತ್ತದೆ ಎಂದು ಫೋನಿನಲ್ಲಿ ಕೇಳಿದೆ. "ಎಂಥ ಹೇಳುದು ತಮ್ಮ, ಡ್ಯೂಟಿಗೆ ಹೋಗುವಾಗ ಆಲಿಕಲ್ಲು, ಬರುವಾಗ ಬಿಸಿಲು. ಸ್ವೆಟರ್ ತೆಗೆದದ್ದು ಹಾಕಿದ್ದು, ತೆಗೆದದ್ದು ಹಾಕಿದ್ದು, ಅದರಲ್ಲೇ ದಿನ ಹೋಗ್ತದೆ" ಎಂದಳು. ಹಾಗಾದರೆ ಅಲ್ಲಿಯವರು ಅಷ್ಟು ಕುಣಿಯುವುದು ಯಾಕೆ ಎಂದು ಕೇಳಿದೆ. "ಬೆಳಕಿಗೆ" ಎಂದಳು. "ಡಿಸೆಂಬರಿನಲ್ಲಿ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುದು. ವಾರ್ಡಿನ ಕಿಟಕಿಯಲ್ಲಿ ಹಗಲು ನೋಡ್ಬೇಕಷ್ಟೆ. ಮಾರ್ಚಿನಲ್ಲಿ ಒಂದು ದಿನ ಬಸ್ಸಿಳಿವಾಗ ಇನ್ನೂ ಬೆಳಕುಂಟು ಅಂತ ಗೊತ್ತಾಗ್ತದೆ ನೋಡು, ಆಗ ಅಳು ಬರ್ತದೆ."

ಈ ಮಾತು ಕೇಳಿದ ಮೇಲೆ ನಾನು ಲೆಕ್ಕ ಹಾಕಿ ನೋಡಿದೆ. ಡಿಸೆಂಬರ್ ಕೊನೆಯಲ್ಲಿ ಆಕ್ಸ್‌ಫರ್ಡಿನ ಹಗಲು ಎಂಟು ಗಂಟೆಯೂ ಇಲ್ಲ. ಮಾರ್ಚ್ ಮುಗಿಯುವಾಗ ಹದಿಮೂರು ಗಂಟೆಯ ಹತ್ತಿರ. ಮಾರ್ಚ್ ತಿಂಗಳಲ್ಲಿ ದಿನಕ್ಕೆ ಹೆಚ್ಚುಕಡಿಮೆ ನಾಲ್ಕು ನಿಮಿಷದಂತೆ ಹಗಲು ಬೆಳೆಯುತ್ತದೆ, ವಾರಕ್ಕೆ ಅರ್ಧ ಗಂಟೆ. ನಮ್ಮ ಮುಂಬಯಿಯಲ್ಲಿ ವರ್ಷದ ಅತಿ ಗಿಡ್ಡ ಹಗಲಿಗೂ ಅತಿ ಉದ್ದದ ಹಗಲಿಗೂ ಇರುವ ವ್ಯತ್ಯಾಸವೇ ಎರಡು, ಎರಡೂಕಾಲು ಗಂಟೆ. ಅವರಿಗೆ ಅದು ಒಂಬತ್ತು ಗಂಟೆಯ ಸಮೀಪ. ನ್ಯಾಶನ ಹಾಡನ್ನು ಈ ಅಂಕಿ ಪಕ್ಕದಲ್ಲಿಟ್ಟು ಓದಿ ನೋಡಿ. ಅದು ಹೂವಿನ ವರ್ಣನೆ ಅಲ್ಲ, ಜೈಲಿನಿಂದ ಬಿಟ್ಟವನ ಕೂಗು. ಇದು ಗೊತ್ತಿಲ್ಲದೆ ನಾವು ಅದೇ ಧಾಟಿಯಲ್ಲಿ ಕೂಗುತ್ತಿದ್ದೇವಲ್ಲ, ನಮ್ಮನ್ನು ಯಾರು ಕೂಡಿಹಾಕಿದ್ದರು?

ಬೆಳಕು ಬಂದರೂ ಬಿಸಿ ಯಾಕೆ ಬರುವುದಿಲ್ಲ? ಇದು ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ. ಮಾರ್ಚ್ 20ರ ಸುಮಾರಿಗೆ ಮತ್ತು ಸೆಪ್ಟೆಂಬರ್ 23ರ ಸುಮಾರಿಗೆ ಸೂರ್ಯ ಒಂದೇ ಎತ್ತರದಲ್ಲಿರುತ್ತಾನೆ, ಹಗಲೂ ಸಮ. ಆದರೆ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡಿನ ಗರಿಷ್ಠ ಸರಾಸರಿ 19ರ ಮೇಲೆ, ಮಾರ್ಚಿನಲ್ಲಿ 11. ವರವು ಒಂದೇ, ಶಿಲ್ಕಿನಲ್ಲಿ ಇಷ್ಟು ವ್ಯತ್ಯಾಸ ಹೇಗೆ? ಉತ್ತರ ಆರಂಭದ ಶಿಲ್ಕಿನಲ್ಲಿದೆ. ಬ್ರಿಟನ್ನಿನ ಸುತ್ತಲೂ ಸಮುದ್ರ. ನೀರು ಬಿಸಿಯನ್ನು ನಿಧಾನವಾಗಿ ಕೂಡಿಡುತ್ತದೆ, ನಿಧಾನವಾಗಿ ಖರ್ಚು ಮಾಡುತ್ತದೆ. ಆಗಸ್ಟ್–ಸೆಪ್ಟೆಂಬರಿಗೆ ಬೊಕ್ಕಸ ತುಂಬಿರುತ್ತದೆ. ಇಡೀ ಚಳಿಗಾಲ ಅದರಿಂದಲೇ ಸಂಸಾರ ನಡೆಸಿ ಫೆಬ್ರವರಿ–ಮಾರ್ಚಿಗೆ ಬೊಕ್ಕಸ ಬರಿದು; ಸಮುದ್ರ ವರ್ಷದಲ್ಲೇ ಅತಿ ತಣ್ಣಗಿರುವುದು ಆಗ. ಮಾರ್ಚಿನ ಸೂರ್ಯ ತಂದದ್ದೆಲ್ಲ ಹಳೆ ಸಾಲಕ್ಕೆ ಜಮಾ. ಆ ಸಮುದ್ರವನ್ನು ಬೈಯುವಂತೆಯೂ ಇಲ್ಲ. ಅದೇ ಅಕ್ಷಾಂಶದ ಆಸುಪಾಸಿನಲ್ಲಿ ಸೈಬೀರಿಯದ ಇರ್ಕುಟ್ಸ್ಕ್ ಇದೆ, ಕೆನಡದ ಸಾಸ್ಕಟೂನ್ ಇದೆ. ಅಲ್ಲಿಯ ಜನವರಿ ಎಂದರೆ ಎಲುಬು ಕೊರೆಯುವ ಹಿಮ. ಅಟ್ಲಾಂಟಿಕದ ಮೇಲಿನಿಂದ ಬೀಸುವ ನೈಋತ್ಯದ ಗಾಳಿ ಇಲ್ಲದಿದ್ದರೆ ಆಕ್ಸ್‌ಫರ್ಡಿನ ಗತಿಯೂ ಅದೇ.

ಗಾಳಿಯ ವಿಷಯ ಬಂದರೆ ವಸಂತದ ಆರಂಭ ಅಲ್ಲಿ ಒಂದು ಋತುವೇ ಅಲ್ಲ, ನಾಲ್ಕು ದಿಕ್ಕುಗಳ ಜಗಳ. ನೈಋತ್ಯದಿಂದ ಬಂದರೆ ಹದವಾದ ಹವೆ, ತುಂತುರು. ಉತ್ತರದಿಂದ ಬಂದರೆ ಧ್ರುವದ ಚಳಿ, ಆಲಿಕಲ್ಲು. ಪೂರ್ವದಿಂದ ಬಂದರೆ ಯೂರೋಪಿನ ಒಣ ಕೊರೆತ. ದಕ್ಷಿಣದಿಂದ ಬಂದರೆ ಸ್ಪೇನಿನ ಬಿಸಿ, ಕೆಲವು ಸಲ ಸಹಾರಾದ ಧೂಳು ಕಾರಿನ ಮೇಲೆ. ಯಾರು ಗೆಲ್ಲುತ್ತಾರೋ ಅವರ ಋತು. 2018ರ ಮಾರ್ಚ್ 1, ಹವಾಮಾನದವರ ಪಂಚಾಂಗದಲ್ಲಿ ವಸಂತದ ಮೊದಲ ದಿನ. ಅಂದು ಬ್ರಿಟನ್ನಿನ ಬಹಳ ಕಡೆ ಹಿಮ, ರೈಲು ಬಂದ್, ಶಾಲೆ ಬಂದ್. ಧ್ರುವದ ಮೇಲೆ ಬಹು ಎತ್ತರದಲ್ಲಿ ಚಕ್ರದಂತೆ ಸುತ್ತುವ ಗಾಳಿ ಆ ಫೆಬ್ರವರಿಯ ನಡುವೆ ಮುರಿದು ಎರಡಾಗಿ, ಎರಡು ವಾರದಲ್ಲಿ ಸೈಬೀರಿಯದ ಹವೆಗೆ ಬಾಗಿಲು ತೆರೆದುಕೊಂಡಿತ್ತು. ಸರಿಯಾಗಿ ಒಂದು ವರ್ಷ ಕಳೆದು 2019ರ ಫೆಬ್ರವರಿ 26ರಂದು ಲಂಡನ್ನಿನ ಕ್ಯೂ ಉದ್ಯಾನದಲ್ಲಿ 21.2 ಡಿಗ್ರಿ. ಪಂಚಾಂಗದ ಪ್ರಕಾರ ಅದಿನ್ನೂ ಚಳಿಗಾಲ! ಚಳಿಗಾಲದಲ್ಲಿ ಬ್ರಿಟನ್ ಇಪ್ಪತ್ತು ಡಿಗ್ರಿ ಕಂಡದ್ದು ಅದೇ ವಾರ, ಲೆಕ್ಕ ಇಟ್ಟಂದಿನಿಂದ ಮೊದಲ ಸಲ. ಇನ್ನು 2013ರ ಮಾರ್ಚ್ ತನ್ನ ಹಿಂದಿನ ಡಿಸೆಂಬರ್, ಜನವರಿ, ಫೆಬ್ರವರಿ ಮೂರಕ್ಕಿಂತಲೂ ತಣ್ಣಗಿತ್ತು. ಸರಾಸರಿ 11 ಎಂದು ಮೇಲೆ ಹೇಳಿದೆನಲ್ಲ, ಅದರ ಹೊಟ್ಟೆಯಲ್ಲಿ ಇವೆಲ್ಲ ಅಡಗಿವೆ. ಸ್ಟ್ಯಾಟಿಸ್ಟಿಕ್ಸ್ ಪೇಪರಿನಲ್ಲಿ ಸರಾಸರಿಯ ಜತೆ ವಿಚಲನೆಯನ್ನೂ ಬರೆಯಿರಿ ಎಂದು ಮೇಷ್ಟ್ರು ತಲೆ ತಿನ್ನುವುದು ಯಾಕೆಂದು ನನಗೆ ಗೊತ್ತಾದದ್ದು ಇಂಗ್ಲೆಂಡಿನ ಮಾರ್ಚಿನಿಂದ.

ಆಕ್ಸ್‌ಫರ್ಡಿನವರಿಗೆ ಇದು ಗೊತ್ತಿದೆ. ಅವರು ವಸಂತನನ್ನು ಸ್ವಾಗತಿಸುವುದು ಮಾರ್ಚಿನಲ್ಲಿ ಅಲ್ಲವೇ ಅಲ್ಲ, ಮೇ 1ರಂದು. ಬೆಳಿಗ್ಗೆ ಆರಕ್ಕೆ ಮ್ಯಾಗ್ಡಲೆನ್ ಕಾಲೇಜಿನ ಗೋಪುರದ ಮೇಲೆ ಹುಡುಗರ ಗಾನವೃಂದ ಹಾಡುತ್ತದೆ, ಕೆಳಗೆ ಬೀದಿ ತುಂಬ ಜನ. ಶತಮಾನಗಳಿಂದ ನಡೆದು ಬಂದ ಪದ್ಧತಿ. (ಆ ಕಾಲೇಜಿನ ಹೆಸರನ್ನು ಅವರು ಮಾಡ್ಲಿನ್ ಎಂದು ಉಚ್ಚರಿಸುತ್ತಾರಂತೆ. ಕನ್ನಡದಲ್ಲಿ ಬರೆದ ಹಾಗೆ ಓದುತ್ತೇವೆ, ನಮ್ಮ ಪುಣ್ಯ.) ಅದೇ ಕಾಲೇಜಿನ ಹುಲ್ಲುಗಾವಲಿನಲ್ಲಿ ಹಾವಿನ ಚರ್ಮದಂತೆ ಚೌಕಳಿಯಿರುವ ಫ್ರಿಟಿಲರಿ ಹೂವು ಅರಳುವುದು ಏಪ್ರಿಲಿನಲ್ಲಿ. ಕೋಗಿಲೆ ಆಫ್ರಿಕದಿಂದ ಬಂದು ಮುಟ್ಟುವುದೂ ಏಪ್ರಿಲಿನಲ್ಲೇ. ಹೌದು, ಅವರ ಕೋಗಿಲೆ ವಲಸೆಯದು, ನಮ್ಮದಲ್ಲ, ಜಾತಿಯೇ ಬೇರೆ. ಮಾರ್ಚಿನ ಮಧ್ಯಕ್ಕೆ ವಿಶ್ವವಿದ್ಯಾಲಯದ ಅವಧಿ ಮುಗಿದು ವಿದ್ಯಾರ್ಥಿಗಳು ಮನೆಗೆ ಹೋಗಿರುತ್ತಾರೆ. ಊರಲ್ಲಿ ಉಳಿಯುವುದು ಅಕ್ಕನಂಥವರು, ಬಸ್ಸಿನವರು, ಗಾಳಿ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಪುಸ್ತಕದ ಕೊನೆಯ ಪುಟಗಳಲ್ಲಿ ಲೆಕ್ಕ ಬೇರೆಯಾಗುತ್ತಿದೆ. ಮಧ್ಯ ಇಂಗ್ಲೆಂಡಿನ ತಿಂಗಳುವಾರು ಉಷ್ಣತೆಯನ್ನು ಗಾರ್ಡನ್ ಮ್ಯಾನ್ಲಿ ಎಂಬ ಹವಾಮಾನ ಪಂಡಿತರು 1659ರವರೆಗೆ ಹಿಂದಕ್ಕೆ ಹೋಗಿ ಜೋಡಿಸಿಟ್ಟರು. ಅದರ ಪ್ರಕಾರ 1961–90ರ ಮಾರ್ಚಿಗಿಂತ 1991–2020ರ ಮಾರ್ಚ್ ಹೆಚ್ಚುಕಡಿಮೆ ಒಂದು ಡಿಗ್ರಿ ಬೆಚ್ಚಗೆ. ಇಡೀ ಬ್ರಿಟನ್ನಿನ ಲೆಕ್ಕದಲ್ಲಿ 2024ರ ವಸಂತ ಅದುವರೆಗಿನ ದಾಖಲೆ ಮುರಿಯಿತು. 2025ರ ವಸಂತ 2024ನ್ನೂ ಹಿಂದೆ ಹಾಕಿತು. 2022ರಲ್ಲಿ ಕೇಂಬ್ರಿಜ್‌ನವರು ನಾನೂರಕ್ಕೂ ಹೆಚ್ಚು ಜಾತಿಯ ಗಿಡಗಳ ಮೊದಲ ಹೂವಿನ ದಿನಾಂಕಗಳನ್ನು ಒಟ್ಟು ಮಾಡಿ ನೋಡಿದರು. 1987ಕ್ಕೆ ಮುಂಚಿನ ಕಾಲಕ್ಕೆ ಹೋಲಿಸಿದರೆ 1987ರಿಂದ 2019ರವರೆಗಿನ ಸರಾಸರಿ 26 ದಿನ ಮುಂಚೆ. ಒಂದು ತಿಂಗಳಿಗೆ ನಾಲ್ಕೈದು ದಿನ ಕಡಿಮೆ!

ಇದನ್ನು ಹೇಳಿದರೆ ನಮ್ಮ ಗುಂಪಿನಲ್ಲಿ ಒಬ್ಬರು, "ಅಷ್ಟು ಚಳಿಯ ದೇಶ, ಸ್ವಲ್ಪ ಬೆಚ್ಚಗಾದರೆ ಒಳ್ಳೇದೇ ಆಯ್ತಲ್ಲ" ಎಂದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಬೆಚ್ಚಗಿನ ಫೆಬ್ರವರಿ ಬಂದರೆ ಅಕ್ಕನ ಮನೆಯ ಹೀಟರಿನ ಬಿಲ್ಲು ಇಳಿಯುತ್ತದೆ, ಅದು ಸಣ್ಣ ಸಂಗತಿ ಅಲ್ಲ. ಅವಳು ಊರಿಗೆ ಕಳಿಸುವ ಹಣ ಅದರಲ್ಲೇ ಉಳಿಯಬೇಕು. ವಾರ್ಡಿನ ಮುದುಕರಿಗೂ ಒಳ್ಳೆಯದು. ಜಮಾ ಬದಿಯಲ್ಲಿ ಇವನ್ನು ಬರೆಯಲೇಬೇಕು. ಆದರೆ ಖರ್ಚಿನ ಬದಿಯನ್ನು ಖಾಲಿ ಬಿಟ್ಟು ಶಿಲ್ಕು ತೆಗೆಯುವವನನ್ನು ಯಾವ ಆಡಿಟರೂ ಒಪ್ಪುವುದಿಲ್ಲ. ಬೆಚ್ಚಗಾದದ್ದು ಸರಾಸರಿ, ಉತ್ತರದ ಗಾಳಿ ಊರು ಬಿಟ್ಟು ಹೋಗಿಲ್ಲ. ಮರ ಬೇಗ ಹೂ ಬಿಟ್ಟ ಮೇಲೆ ಅದು ಒಂದು ರಾತ್ರಿ ಬಂದರೆ ಸಾಕು. 2021ರ ಏಪ್ರಿಲಿನಲ್ಲಿ ಬ್ರಿಟನ್ನಿನಲ್ಲಿ ಹೆಪ್ಪುಗಟ್ಟುವ ರಾತ್ರಿಗಳು ಅರುವತ್ತು ವರ್ಷಗಳಲ್ಲೇ ಅತಿ ಹೆಚ್ಚು. ಅಕ್ಕನ ಪಕ್ಕದ ಮನೆಯ ಅಜ್ಜಿಯ ಪ್ಲಮ್ ಮರ ಆ ವರ್ಷ ಬಿಳಿ ಹೂ ಹೊದ್ದು ನಿಂತಿತ್ತಂತೆ, ಮೂರು ಬೆಳಿಗ್ಗೆಗಳಲ್ಲಿ ಎಲ್ಲ ಕಂದು. ಆ ಬೇಸಗೆ ಅಕ್ಕನ ಮನೆಗೆ ಜಾಮಿನ ಬಾಟಲಿ ಬರಲಿಲ್ಲ.

ಹಣ್ಣಿನದ್ದು ಹೋಗಲಿ. ಆಕ್ಸ್‌ಫರ್ಡಿನ ಪಕ್ಕದಲ್ಲೇ ವೈಥಮ್ ಎಂಬ ಕಾಡಿದೆ, ವಿಶ್ವವಿದ್ಯಾಲಯದ್ದು. ಅಲ್ಲಿ ಗ್ರೇಟ್ ಟಿಟ್ ಎಂಬ ಗುಬ್ಬಚ್ಚಿ ಗಾತ್ರದ ಹಕ್ಕಿಯ ಗೂಡುಗಳನ್ನು 1947ರಿಂದ ಪ್ರತಿ ವರ್ಷ ಎಣಿಸುತ್ತ ಬಂದಿದ್ದಾರೆ. ಈ ಹಕ್ಕಿಯ ಕಷ್ಟ ಕೇಳಿ, ವ್ಯಾಪಾರ ಕಲಿಯುವವರಿಗೆ ಅರ್ಥವಾಗುತ್ತದೆ. ಓಕ್ ಮರ ಚಿಗುರಿದಾಗ ಆ ಎಳೆ ಎಲೆ ತಿನ್ನಲು ಒಂದು ಪತಂಗದ ಹುಳುಗಳು ಹುಟ್ಟುತ್ತವೆ. ಹುಳುಗಳ ಸಂತೆ ಕೆಲವೇ ವಾರ. ಮರಿಗಳ ಹಸಿವು ಹೆಚ್ಚಿರುವ ದಿನಗಳೂ ಸಂತೆಯ ದಿನಗಳೂ ಕೂಡಿ ಬರಬೇಕು. ಹಕ್ಕಿ ದಿನಕ್ಕೆ ಒಂದರಂತೆ ಎಂಟೊಂಬತ್ತು ಮೊಟ್ಟೆ ಇಡಬೇಕು, ಎರಡು ವಾರ ಕಾವು ಕೊಡಬೇಕು, ಮರಿ ಬೆಳೆಯಬೇಕು. ಅಂದರೆ ಸಂತೆಗೆ ಒಂದು ತಿಂಗಳು ಮುಂಚೆಯೇ, ಮರ ಇನ್ನೂ ಬೋಳಾಗಿರುವಾಗ, ಮಾಲಿಗೆ ಮುಂಗಡ ಕರಾರು ಮಾಡಿದ ಹಾಗೆ. ಮಾರ್ಚ್–ಏಪ್ರಿಲಿನ ಬಿಸಿ ನೋಡಿ ಅದು ಅಂದಾಜು ಹಾಕುತ್ತದೆ. ವಸಂತ ಬೇಗ ಬರತೊಡಗಿದ ಮೇಲೆ ವೈಥಮಿನ ಹಕ್ಕಿಗಳು ಮೊಟ್ಟೆ ಇಡುವುದನ್ನೂ ಸುಮಾರು ಎರಡು ವಾರಕ್ಕಿಂತ ಹೆಚ್ಚು ಹಿಂದಕ್ಕೆ ತಂದುಕೊಂಡಿವೆ. ಇದುವರೆಗೆ ಹೇಗೋ ಸರಿದೂಗಿಸಿವೆ. ಆದರೆ ಬೆಚ್ಚಗಿನ ಫೆಬ್ರವರಿಯನ್ನು ನಂಬಿ ಕರಾರು ಮಾಡಿ, ಏಪ್ರಿಲಿನಲ್ಲಿ ಉತ್ತರದ ಗಾಳಿ ಬಂದು ಹುಳು ತಡವಾದರೆ ದಂಡ ತೆರುವುದು ಗೂಡಿನ ಮರಿಗಳು.

ನಮ್ಮ ಪೂರ್ವಿಕರೂ ಮಳೆಗೆ ನಕ್ಷತ್ರದ ಹೆಸರಿಟ್ಟು ಇದೇ ರೀತಿ ಕರಾರು ಮಾಡಿಕೊಂಡವರು. ಭರಣಿ ಮಳೆ, ರೋಹಿಣಿ ಮಳೆ ಎಂದು ಅಜ್ಜ ಹೇಳುವಾಗ ಅದು ಕಾವ್ಯವೂ ಹೌದು, ಬಿತ್ತನೆಯ ತಾರೀಕೂ ಹೌದು. ಬಿ.ಎ. ಮಿತ್ರರು ಥರ್ಮಾಮೀಟರಿಗೆ ನಕ್ಕರೆ ಅಜ್ಜನಿಗೂ ನಗಬೇಕಾದೀತು.

ಒಂದು ಸಣ್ಣ ವಿಷಯ ಬಿಟ್ಟುಹೋಯಿತು. ಮಾರ್ಚಿನ ಕೊನೆಯ ಭಾನುವಾರ ಬ್ರಿಟನ್ನಿನಲ್ಲಿ ಎಲ್ಲ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ವಿಲಿಯಂ ವಿಲೆಟ್ ಎಂಬ ಕಟ್ಟಡದ ಕಂತ್ರಾಟುದಾರರು 1907ರಲ್ಲಿ ಈ ಸಲಹೆ ಕೊಟ್ಟರು. 1916ರಲ್ಲಿ ಕಾಯಿದೆಯಾಗುವಾಗ ಅವರು ತೀರಿಕೊಂಡು ಒಂದು ವರ್ಷವಾಗಿತ್ತು. ಅಂದು ರಾತ್ರಿಪಾಳಿಯಲ್ಲಿದ್ದರೆ ಅಕ್ಕನಿಗೆ ಒಂದು ಗಂಟೆ ಲಾಭ. ಹವೆಯ ಪುಸ್ತಕ ಮಾತ್ರ ಈ ಆಟಕ್ಕೆ ಸೇರುವುದಿಲ್ಲ. ಚಳಿಗಾಲವಿರಲಿ ಬೇಸಗೆಯಿರಲಿ, ಗ್ರೀನ್‌ವಿಚ್ ಕಾಲ ಒಂಬತ್ತಕ್ಕೇ ಅಂಕಿ ಬರೆಯಬೇಕು. ಊರಿನ ಗಡಿಯಾರ ಆಗ ಹತ್ತು ತೋರಿಸುತ್ತಿರಲಿ. ನಮಗೆ ಆಗ ಮಧ್ಯಾಹ್ನ ಎರಡೂವರೆ, ಕಾಸ್ಟಿಂಗ್ ಕ್ಲಾಸಿನಲ್ಲಿ ಕಣ್ಣು ಎಳೆಯುವ ಹೊತ್ತು.

ಆ ಅಂಕಿಗಳನ್ನು ಬ್ರಿಟನ್ನಿನ ಹವಾಮಾನ ಇಲಾಖೆ ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ಆಕ್ಸ್‌ಫರ್ಡಿನದು ತಿಂಗಳುವಾರು 1853ರಿಂದ ಸಿಗುತ್ತದೆ: ಗರಿಷ್ಠ, ಕನಿಷ್ಠ, ಹೆಪ್ಪುಗಟ್ಟಿದ ದಿನಗಳು, ಮಳೆ, ಬಿಸಿಲಿನ ಗಂಟೆಗಳು, ಹೀಗೆ ಕಾಲಂ ಹಾಕಿದ ಖಾತೆ. ಮಾರ್ಚ್ ತಿಂಗಳುಗಳನ್ನು ಮಾತ್ರ ಒಂದು ಹಾಳೆಯಲ್ಲಿ ಎತ್ತಿ ಬರೆದುಕೊಂಡಿದ್ದೇನೆ. ಮುಂದಿನ ಸಭೆಯಲ್ಲಿ ಯಾರಾದರೂ ಬಿ.ಎಂ.ಶ್ರೀ.ಯವರ ವಸಂತಗೀತೆಯನ್ನು ಹಳೆಯ ರಾಗದಲ್ಲೇ ಹಾಡಲಿ, ಅದಾದ ಮೇಲೆ ಐದು ನಿಮಿಷ ಆ ಹಾಳೆ ಓದಲು ನನಗೆ ಕೊಡಬೇಕೆಂದು ಕಾರ್ಯದರ್ಶಿಗಳನ್ನು ಕೇಳಿಕೊಂಡಿದ್ದೇನೆ. ಹಾಡುವವರನ್ನು ಅವರು ಇನ್ನೂ ನಿಶ್ಚಯಿಸಿಲ್ಲ.